ನೆರೆಯವನ ಬಾವಿ

ನನ್ನ ಊರು ತೊರವಿ. ವಿಜಯಪುರದ ಪಶ್ಚಿಮಕ್ಕಿರುವ ಈ ಊರಿನ ಹೆಸರು ಕೇಳಿದೊಡನೆ ಸಾಹಿತ್ಯಾಸಕ್ತರಿಗೆ ಕುಮಾರವಾಲ್ಮೀಕಿಯ ರಾಮಾಯಣ ನೆನಪಾಗುತ್ತದೆ. ಇತಿಹಾಸ ಬಲ್ಲವರಿಗೆ ಎರಡನೆಯ ಇಬ್ರಾಹಿಂ ಆದಿಲಶಾಹನ ನವರಸಪುರ ನೆನಪಾಗುತ್ತದೆ. ನನಗೆ ಮಾತ್ರ ಮೊದಲು ನೆನಪಾಗುವುದು ಒಂದು ಬಾವಿ. ಅದು ನಮ್ಮದಲ್ಲ, ನೆರೆಹೊಲದವರದು.

ನಮ್ಮದು ಕ್ರೈಸ್ತ ಮನೆತನ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಬಾಸೆಲ್ ಮಿಶನ್ನಿನವರು ವಿಜಯಪುರದಲ್ಲಿ ನೆಲೆಯೂರಿದ ಕಾಲಕ್ಕೆ ಸಭೆಗೆ ಸೇರಿದ ಕೆಲವೇ ಕುಟುಂಬಗಳಲ್ಲಿ ನಮ್ಮ ಅಜ್ಜನದೂ ಒಂದು. ಇದ್ದುದು ನಾಲ್ಕು ಎಕರೆ ಹೊಲ. ಬೆಳೆದದ್ದು ಜೋಳ, ಕುಸುಬೆ. ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ಬೇಸಿಗೆಯಲ್ಲಿ ನೆರೆಹೊಲದವರು ನಡುವಿನ ಬದುವನ್ನು ಒಡೆದು, ಗಡಿಯ ಕಲ್ಲನ್ನು ಕಿತ್ತು, ನಮ್ಮ ಕಡೆಗೆ ಸರಿಸಿ ನೆಟ್ಟರು. ಕೇಳಲು ಹೋದ ಅಪ್ಪನ ಮೇಲೆ ಕೈಮಾಡಿದರು. ಅಂದಿನಿಂದ ಅಪ್ಪನ ಬಲಗಿವಿ ಸರಿಯಾಗಿ ಕೇಳಲಿಲ್ಲ. ಎಡಗಿವಿಯನ್ನು ಮಾತನಾಡುವವರ ಕಡೆಗೆ ಹೊರಳಿಸಿ ಕುಳಿತುಕೊಳ್ಳುವುದು ಆತನ ಕೊನೆಯವರೆಗಿನ ಅಭ್ಯಾಸವಾಯಿತು.

ರಾತ್ರಿ ಊಟವಾದ ಮೇಲೆ ಮನೆಯಲ್ಲಿ ಪ್ರಾರ್ಥನೆ ನಡೆಯುತ್ತಿತ್ತು. ಅವ್ವನ ಪ್ರಾರ್ಥನೆಗೆ ಒಂದು ಕ್ರಮವಿತ್ತು: ಮೊದಲು ಊರು, ಆಮೇಲೆ ಸಭೆ, ಆಮೇಲೆ ಬೇನೆ ಬಿದ್ದವರು, ಕೊನೆಗೆ ನಾವು. ಆ ಘಟನೆಯಾಗಿ ಒಂದು ವಾರ ಕಳೆದಿರಬಹುದು. ಬೇನೆಯವರ ಹೆಸರುಗಳು ಮುಗಿದ ಮೇಲೆ ಅವ್ವ ಸ್ವಲ್ಪ ತಡೆದಳು. ಆಮೇಲೆ ಆ ಮನುಷ್ಯನ ಹೆಸರು ಹಿಡಿದು, "ಅವರ ಬಾವ್ಯಾಗ ನೀರು ಬತ್ತದಂಗ ಕಾಯಪ್ಪಾ" ಎಂದಳು. ಅಪ್ಪ ಕಣ್ಣು ತೆರೆದು, ಪ್ರಾರ್ಥನೆಯ ನಡುವೆಯೇ, "ನಮ್ಮ ಬಾವೀದು ಯಾರು ಕಾಯಬೇಕು?" ಎಂದು ಕೇಳಿದ. ಅವ್ವ ಉತ್ತರ ಕೊಡದೆ ಮುಂದಿನ ಮಾತಿಗೆ ಹೋದಳು. ಮರುದಿನ ರೊಟ್ಟಿ ಬಡಿಯುತ್ತಿದ್ದವಳನ್ನು ನಾನು ಕೇಳಿದೆ: "ಅವ್ವಾ, ಅವರ ಮ್ಯಾಲೆ ನಿನಗ ಸಿಟ್ಟಿಲ್ಲೇನು?" "ಸಿಟ್ಟು ಐತಿ. ಐತಿ ಅಂತನೇ ಬೇಡ್ಕೋತೀನಿ" ಎಂದಳು.

ಆ ಮಾತು ನನಗೆ ಆಗ ಅರ್ಥವಾಗಲಿಲ್ಲ. ನಮ್ಮನ್ನು ನೋಯಿಸಿದವರಿಗಾಗಿ ಪ್ರಾರ್ಥಿಸುವುದೆಂದರೆ ಸಿಟ್ಟು ಇಳಿದ ಮೇಲೆ, ಮನಸ್ಸು ತಿಳಿಯಾದ ಮೇಲೆ, ಒಳಗೆ ಕ್ಷಮೆ ಹುಟ್ಟಿದ ಮೇಲೆ ಮಾಡಬೇಕಾದ ಕಾರ್ಯವೆಂದು ನಾನು ಬಹಳ ವರ್ಷ ತಿಳಿದಿದ್ದೆ. ಹೆಚ್ಚಿನವರು ಹಾಗೆಯೇ ತಿಳಿದಿದ್ದಾರೆ. ಆದುದರಿಂದಲೇ ಹೆಚ್ಚಿನವರು ಅದನ್ನು ಮಾಡುವುದಿಲ್ಲ. ಮನಸ್ಸು ತಿಳಿಯಾಗಲೆಂದು ಕಾಯುತ್ತ ಕುಳಿತಿರುತ್ತಾರೆ.

ಕಾಯುವುದರಲ್ಲಿ ಅರ್ಥವೇ ಇಲ್ಲವೆಂದು ನಾನು ಹೇಳಲಾರೆ. ಕಾಲ ತನ್ನ ಕೆಲಸವನ್ನು ಮಾಡಿಯೇ ಮಾಡುತ್ತದೆ. ತೊರವಿಯ ಬಯಲಿನಲ್ಲಿ ನಿಂತರೆ ಅದು ಕಣ್ಣಿಗೇ ಕಾಣುತ್ತದೆ. ಸಂಗೀತವನ್ನೂ ಸರಸ್ವತಿಯನ್ನೂ ಕೊಂಡಾಡಿ ಕಿತಾಬ್-ಇ-ನವರಸ್ ಬರೆದ ಇಬ್ರಾಹಿಂ ಆದಿಲಶಾಹನು 1599ರಲ್ಲಿ ಇಲ್ಲಿ ಹೊಸ ನಗರವೊಂದನ್ನು ಕಟ್ಟಿಸತೊಡಗಿದ. ಅದು ಪೂರ್ಣವಾಗುವ ಮೊದಲೇ, 1624ರಲ್ಲಿ, ಅಹಮದನಗರದ ಮಲಿಕ್ ಅಂಬರನ ಸೈನ್ಯ ಬಂದು ಅದನ್ನು ಹಾಳುಗೆಡವಿತು. ಸಂಗೀತಮಹಲಿನ ಎತ್ತರದ ಕಮಾನು ಇಂದಿಗೂ ಬರಿಯ ಆಕಾಶವನ್ನು ಹೊತ್ತು ನಿಂತಿದೆ. ಆ ದಿನ ಮನೆ ಸುಟ್ಟುಕೊಂಡವರು, ಮಕ್ಕಳನ್ನು ಕಳೆದುಕೊಂಡವರು ಎಷ್ಟು ಮಂದಿಯೋ! ಅವರ ಶಾಪಗಳೆಲ್ಲ ಈ ಮಣ್ಣಿನಲ್ಲಿಯೇ ಬಿದ್ದಿರಬೇಕು. ಇಂದು ಮಲಿಕ್ ಅಂಬರನ ಹೆಸರು ಹೇಳಿದರೆ ತೊರವಿಯಲ್ಲಿ ಯಾರ ಹುಬ್ಬೂ ಗಂಟಿಕ್ಕುವುದಿಲ್ಲ. ಆದರೆ ಇದಕ್ಕೆ ನಾಲ್ಕು ನೂರು ವರ್ಷ ಬೇಕಾಯಿತು. ಅಷ್ಟು ಆಯುಷ್ಯ ನಮಗಿಲ್ಲ.

ನಮ್ಮೂರಿನ ದೇವರು ನರಸಿಂಹ. ಕುಮಾರವಾಲ್ಮೀಕಿ ತನ್ನ ಕಾವ್ಯವನ್ನು ಅರ್ಪಿಸಿದ್ದು ಈ ದೇವರಿಗೇ. ಕ್ರೈಸ್ತನಾದ ನಾನು ಆ ಗುಡಿಯ ಮುಂದೆ ಆಡಿ ಬೆಳೆದವನು. ಪ್ರಹ್ಲಾದನ ಕಥೆಯನ್ನು ಸಂಡೇ ಸ್ಕೂಲಿನ ಕಥೆಗಳಷ್ಟೇ ಆಸೆಯಿಂದ ಕೇಳಿದವನು. ಆ ಕಥೆಯ ಕೊನೆಯ ಭಾಗವನ್ನು ಹೇಳುವವರು ಕಡಿಮೆ. ಕಂಬ ಒಡೆದು, ಹೊಟ್ಟೆ ಬಗೆದು, ಕರುಳಮಾಲೆ ಹಾಕಿದಲ್ಲಿಗೆ ನಮಗೆ ಕಥೆ ಮುಗಿಯುತ್ತದೆ. ಭಾಗವತ ಅಲ್ಲಿಗೆ ಮುಗಿಸುವುದಿಲ್ಲ. ವರ ಬೇಡೆಂದು ದೇವರು ಹೇಳಿದಾಗ ಆ ಬಾಲಕ ಬೇಡಿದ್ದು ತನಗೆ ವಿಷವಿಕ್ಕಿದ, ಬೆಟ್ಟದಿಂದ ತಳ್ಳಿಸಿದ ತಂದೆಯ ಪಾಪ ಕಳೆಯಲಿ ಎಂದು. ಇನ್ನು ರಾಮಾಯಣದಲ್ಲಿ, ಅಣ್ಣನ ಶವಕ್ಕೆ ಸಂಸ್ಕಾರ ಮಾಡಲು ವಿಭೀಷಣ ಹಿಂಜರಿದಾಗ, ವೈರವು ಸಾವಿನೊಂದಿಗೆ ಮುಗಿಯಿತೆಂದು ತಿಳಿಹೇಳಿದವನು ಸ್ವತಃ ರಾಮ. ನೋಯಿಸಿದವನ ಒಳಿತನ್ನು ಬಯಸುವುದು ಕ್ರೈಸ್ತರು ಈ ದೇಶಕ್ಕೆ ಹೊರಗಿನಿಂದ ತಂದ ವಸ್ತುವೆಂದು ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ.

ಆದರೂ ಒಂದು ವ್ಯತ್ಯಾಸ ನನ್ನನ್ನು ಬಿಡದೆ ಕಾಡಿದೆ. ಹಿರಣ್ಯಕಶಿಪು ಸತ್ತಿದ್ದ, ರಾವಣನೂ ಸತ್ತಿದ್ದ. ಅವರು ಇನ್ನು ಯಾರ ಮೇಲೂ ಕೈಯೆತ್ತುವಂತಿರಲಿಲ್ಲ. ಯೇಸು ಗಲಿಲಾಯದ ಬೆಟ್ಟದ ಮೇಲೆ ಕುಳಿತು ಶಿಷ್ಯರಿಗೆ ವಿಧಿಸಿದ್ದು ಬದುಕಿರುವ ವೈರಿಗಾಗಿ, ಇಂದೂ ಹಿಂಸಿಸುತ್ತಿರುವವನಿಗಾಗಿ, ನಾಳೆಯೂ ಹಿಂಸಿಸಬಹುದಾದವನಿಗಾಗಿ ಬೇಡಿಕೊಳ್ಳಿರೆಂದು. ಅದಕ್ಕೆ ಆತ ಕೊಟ್ಟ ಕಾರಣವೂ ವಿಚಿತ್ರವಾದುದು. ಹಾಗೆ ಮಾಡಿದರೆ ವೈರಿ ಬದಲಾಗುತ್ತಾನೆಂದು ಆತ ಹೇಳಲಿಲ್ಲ. ಪರಲೋಕದ ತಂದೆ ಕೆಟ್ಟವರ ಹೊಲಕ್ಕೂ ಒಳ್ಳೆಯವರ ಹೊಲಕ್ಕೂ ಮಳೆ ಸುರಿಸುತ್ತಾನೆ, ಮಕ್ಕಳಾದ ನೀವೂ ಹಾಗಿರಿ ಎಂದ. ಮಳೆಯ ಬೆಲೆ ಬಲ್ಲ ನಮ್ಮ ಸೀಮೆಯಲ್ಲಿ ಈ ಮಾತು ಬೇರೆಯೇ ತೂಕ ಪಡೆಯುತ್ತದೆ. ಅವ್ವ ನೆರೆಯವನಿಗೆ ಸದ್ಬುದ್ಧಿಯನ್ನು ಬೇಡದೆ ಬಾವಿಯ ನೀರನ್ನು ಬೇಡಿದ್ದು ಏಕೆಂದು ನನಗೆ ಹೊಳೆದದ್ದು ಈ ವಾಕ್ಯವನ್ನು ನಿಧಾನವಾಗಿ ಓದಿದ ಮೇಲೆ.

ಸದ್ಬುದ್ಧಿ ಬೇಡುವುದು ಸುಲಭ. ಅದರಲ್ಲಿ ನಮ್ಮದು ಸುಬುದ್ಧಿ ಎಂಬ ಸಮಾಧಾನವೂ ಸೇರಿರುತ್ತದೆ. ಮುನಿಸಿನ ನಡುವೆ ಎದುರಾಳಿಗೆ "ನಿಮಗಾಗಿ ಪ್ರಾರ್ಥಿಸುತ್ತೇನೆ" ಎಂದು ಹೇಳುವವರನ್ನು ನಮ್ಮ ಸಭೆಗಳಲ್ಲಿ ಕಂಡಿದ್ದೇನೆ. ಅದು ಕಪಾಳಕ್ಕೆ ಹೊಡೆಯುವ ಇನ್ನೊಂದು ವಿಧಾನ ಅಷ್ಟೆ. ನೀರು, ಬೆಳೆ, ಮಗಳ ಮದುವೆ, ಮುದುಕಿಯ ಮೊಣಕಾಲ ನೋವು: ಇವುಗಳನ್ನು ವೈರಿಯ ಪರವಾಗಿ ಬೇಡಬೇಕಾದರೆ ಅವನಿಗೂ ಒಂದು ಮನೆಯಿದೆ, ಆ ಮನೆಯಲ್ಲಿಯೂ ರಾತ್ರಿ ಕೆಮ್ಮುವವರಿದ್ದಾರೆ ಎಂಬುದನ್ನು ಮೊದಲು ನೆನೆಯಬೇಕು. ಕಷ್ಟವಿರುವುದು ಅಲ್ಲಿಯೇ.

ಹಾಗಾದರೆ ಒಳಗಿರುವ ವಿಷವನ್ನು ಏನು ಮಾಡುವುದು? ನಮ್ಮ ಕಡೆ ಅನ್ಯಾಯಕ್ಕೊಳಗಾದ ಹೆಂಗಸು ಹಿಡಿಮಣ್ಣು ತೂರಿ ಶಾಪ ಹಾಕುತ್ತಾಳೆ. ಶಾಪವೂ ಒಂದು ಪ್ರಾರ್ಥನೆಯೇ ಅಲ್ಲವೆ? ಬೇರೆ ಯಾವ ನ್ಯಾಯಸ್ಥಾನವೂ ಇಲ್ಲದವಳು ಮೇಲಿನವನಿಗೆ ಸಲ್ಲಿಸುವ ಅರ್ಜಿ ಅದು. ಸತ್ಯವೇದದ ಕೀರ್ತನೆಗಳಲ್ಲಿ ಇಂಥ ಅರ್ಜಿಗಳಿವೆ. ನೂರೊಂಬತ್ತನೆಯ ಕೀರ್ತನೆಯನ್ನು ಸಭೆಯಲ್ಲಿ ಗಟ್ಟಿಯಾಗಿ ಓದಲು ಪಾದ್ರಿಗಳು ಹಿಂಜರಿಯುತ್ತಾರೆ. ವೈರಿಯ ಆಯುಷ್ಯ ಕುಗ್ಗಲಿ, ಅವನ ಮಕ್ಕಳು ತಬ್ಬಲಿಗಳಾಗಲಿ, ಸಾಲಗಾರ ಬಂದು ಅವನ ಸರ್ವಸ್ವವನ್ನೂ ಸೆಳೆದುಕೊಳ್ಳಲಿ ಎಂಬರ್ಥದ ಮಾತುಗಳು ಅದರಲ್ಲಿವೆ. ಇಂಥವನ್ನು ಪವಿತ್ರ ಗ್ರಂಥದಿಂದ ಏಕೆ ತೆಗೆದುಹಾಕಲಿಲ್ಲವೆಂದು ಒಮ್ಮೆ ನನಗೆ ಅನಿಸಿದ್ದುಂಟು. ಈಗ ಹಾಗನಿಸುವುದಿಲ್ಲ. ಮಗು ತಾಯಿಯ ಮುಂದೆ ತಮ್ಮನ ಮೇಲೆ ಹೇಳಬಾರದ ಮಾತನ್ನೆಲ್ಲ ಹೇಳಿ ಅಳುತ್ತದೆ. ತಾಯಿ ಹೋಗಿ ತಮ್ಮನನ್ನು ಹೊಡೆಯುವುದಿಲ್ಲ, ಆದರೆ ಮಗುವಿನ ಬಾಯನ್ನೂ ಮುಚ್ಚುವುದಿಲ್ಲ. ದೇವರ ಮುಂದೆ ಸಿಟ್ಟನ್ನು ಬಚ್ಚಿಟ್ಟು ಮಾಡಿದ ಪ್ರಾರ್ಥನೆ ಬಾಯಿಪಾಠವಾದೀತು. ಅವ್ವ ಆ ಮನುಷ್ಯನ ಹೆಸರಿಗೆ ಮೊದಲು ತಡೆಯುತ್ತಿದ್ದ ಆ ಕ್ಷಣದಲ್ಲಿ ಏನೇನು ಹೇಳುತ್ತಿದ್ದಳೋ ನಾವು ಕೇಳಲಿಲ್ಲ.

ಯೇಸು ತಾನು ಹೇಳಿದುದನ್ನು ತಾನೇ ಆಚರಿಸಬೇಕಾದ ದಿನವೊಂದು ಬಂತು. ಆ ದಿನವನ್ನು ಕನ್ನಡ ಕಾವ್ಯಕ್ಕೆ ತಂದವರು ಮಂಜೇಶ್ವರದ ಗೋವಿಂದ ಪೈಗಳು. ಮನೆಮಾತು ಕೊಂಕಣಿ, ಧರ್ಮದಿಂದ ಹಿಂದೂ. 'ಗೊಲ್ಗೊಥಾ' ಎಂಬ ಅವರ ಖಂಡಕಾವ್ಯಕ್ಕೆ ವಸ್ತು ಯೇಸುವಿನ ಕಡೆಯ ದಿನ. ಬುದ್ಧನ ಕಡೆಯ ದಿನವನ್ನು ಕುರಿತು 'ವೈಶಾಖಿ'ಯನ್ನೂ ಬರೆದ ಈ ಕವಿಗೆ ಮಹಾತ್ಮರು ಹೇಗೆ ಬದುಕಿದರೆಂಬುದಕ್ಕಿಂತ ಹೇಗೆ ಸತ್ತರೆಂಬುದರಲ್ಲಿ ಹೆಚ್ಚು ಕುತೂಹಲವಿದ್ದಂತೆ ತೋರುತ್ತದೆ. ಕ್ರೈಸ್ತನಲ್ಲದ ಕವಿಯೊಬ್ಬ ಆ ಶಿಲುಬೆಯ ಬಳಿ ಅಷ್ಟು ಹೊತ್ತು ನಿಂತನಲ್ಲ ಎಂದು, ಆ ಕಾವ್ಯವನ್ನು ಕಾಲೇಜಿನಲ್ಲಿ ಮೊದಲು ಓದಿದಾಗ ನನಗೆ ನಾಚಿಕೆಯೂ ಆಯಿತು. ನಾವು ಅದನ್ನು ಗೋಡೆಗೆ ತೂಗುಹಾಕಿ ನೋಡುವುದನ್ನೇ ಬಿಟ್ಟಿದ್ದೆವು.

ಮೊಳೆ ಹೊಡೆಯುತ್ತಿದ್ದ ಸಿಪಾಯಿಗಳಿಗಾಗಿ ಯೇಸು ಮಾಡಿದ ಪ್ರಾರ್ಥನೆ ಲೂಕನ ಸುವಾರ್ತೆಯಲ್ಲಿದೆ. ಪಾಠಾಂತರಗಳಲ್ಲಿ ಆಸಕ್ತಿಯುಳ್ಳವರಿಗೆ ಒಂದು ಸಂಗತಿ ಹೇಳಬೇಕು. ಕೆಲವು ಅತಿ ಪ್ರಾಚೀನ ಹಸ್ತಪ್ರತಿಗಳಲ್ಲಿ ಈ ವಾಕ್ಯ ಇಲ್ಲ. ನಾಲ್ಕನೆಯ ಶತಮಾನದ ಸಿನಾಯಿ ಪ್ರತಿಯಲ್ಲಿ ಲಿಪಿಕಾರ ಅದನ್ನು ಬರೆದಿದ್ದಾನೆ. ತಿದ್ದಿದವನೊಬ್ಬ ಅದು ಬೇಡವೆಂದು ಗುರುತು ಹಾಕಿದ್ದಾನೆ. ಆಮೇಲೆ ಬಂದ ಇನ್ನೊಬ್ಬ ಆ ಗುರುತನ್ನು ಅಳಿಸಿ ವಾಕ್ಯವನ್ನು ಉಳಿಸಿಕೊಂಡಿದ್ದಾನೆ. ಮೂಲದಲ್ಲಿ ಇತ್ತೋ ಇಲ್ಲವೋ ಎಂಬುದರಲ್ಲಿ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಕೊಂದವರನ್ನು ಕ್ಷಮಿಸೆಂಬ ಮಾತು ಕೆಲವು ಲಿಪಿಕಾರರಿಗೆ ಸಹಿಸಲಾಗದೆ ಅದನ್ನು ಬಿಟ್ಟಿರಬಹುದೆಂದು ಒಂದು ಪಕ್ಷ ಹೇಳುತ್ತದೆ. ನನಗೆ ಆ ಹಾಳೆ ಒಂದು ಮನಸ್ಸಿನ ಚಿತ್ರದಂತೆ ಕಾಣುತ್ತದೆ. ಬರೆಯುವುದು, ಹೊಡೆದುಹಾಕುವುದು, ಮತ್ತೆ ಉಳಿಸಿಕೊಳ್ಳುವುದು. ನೋಯಿಸಿದವರಿಗಾಗಿ ಪ್ರಾರ್ಥಿಸಲು ಯತ್ನಿಸಿದ ಯಾರಿಗೂ ಈ ಮೂರು ಕೈಗಳ ಪರಿಚಯ ಇದ್ದೇ ಇರುತ್ತದೆ.

ಆ ಪ್ರಾರ್ಥನೆಯಲ್ಲಿ ಇನ್ನೊಂದು ವಿಶೇಷವಿದೆ. "ನಾನು ನಿಮ್ಮನ್ನು ಕ್ಷಮಿಸಿದ್ದೇನೆ" ಎಂದು ಯೇಸು ಸಿಪಾಯಿಗಳಿಗೆ ಹೇಳಲಿಲ್ಲ. ಅವರನ್ನು ಕ್ಷಮಿಸೆಂದು ತಂದೆಯನ್ನು ಬೇಡಿದ. ಇದರ ದೇವತಾಶಾಸ್ತ್ರವನ್ನು ಬಲ್ಲವರು ವಿವರಿಸಲಿ. ನನ್ನಂಥ ಸಾಮಾನ್ಯನಿಗೆ ಅದರಲ್ಲಿ ಒಂದು ದೊಡ್ಡ ಅನುಕೂಲ ಕಾಣುತ್ತದೆ. ಕ್ಷಮಿಸುವ ಶಕ್ತಿ ಇನ್ನೂ ಬಾರದವನು ಸಹ ಬೇಡಬಲ್ಲ. ಕೈಯಲ್ಲಿ ಕಾಸಿಲ್ಲದವನು ಇನ್ನೊಬ್ಬನಿಗಾಗಿ ಧಣಿಯ ಬಳಿ ಮಾತನಾಡುವುದಿಲ್ಲವೆ, ಹಾಗೆ. "ನನ್ನಿಂದ ಆಗದು, ನೀನಾದರೂ ಮಾಡು" ಎಂಬುದೂ ಪ್ರಾರ್ಥನೆಯೇ. ಸಿಟ್ಟು ಇದೆಯೆಂಬುದಕ್ಕಾಗಿಯೇ ಬೇಡಿಕೊಳ್ಳುತ್ತೇನೆಂದು ರೊಟ್ಟಿ ಬಡಿಯುತ್ತ ಅವ್ವ ಹೇಳಿದ್ದು ಇದನ್ನೇ ಇರಬೇಕು.

ನಮ್ಮ ಕಾಲದಲ್ಲಿಯೇ, ನಮ್ಮ ದೇಶದಲ್ಲಿಯೇ ನಡೆದ ಒಂದು ಸಂಗತಿಯನ್ನು ಹೇಳುತ್ತೇನೆ. ಕೇರಳದ ಸಿಸ್ಟರ್ ರಾಣಿ ಮರಿಯಾ ಮಧ್ಯಪ್ರದೇಶದ ದೇವಾಸ್ ಜಿಲ್ಲೆಯ ಉದಯನಗರದ ಸುತ್ತಲಿನ ಹಳ್ಳಿಗಳಲ್ಲಿ ಭೂಹೀನರ, ಆದಿವಾಸಿಗಳ ನಡುವೆ ದುಡಿಯುತ್ತಿದ್ದರು. ಬಡವರು ಬಡ್ಡಿಯ ಬಲೆಯಿಂದ ಬಿಡಿಸಿಕೊಳ್ಳತೊಡಗಿದ್ದು ಸಾಲಕೊಡುವ ಬಲಾಢ್ಯರಿಗೆ ಹಿಡಿಸಲಿಲ್ಲ. 1995ರ ಫೆಬ್ರವರಿ 25ರಂದು ಇಂದೂರಿಗೆ ಹೊರಟಿದ್ದ ಬಸ್ಸಿನಲ್ಲಿ, ಪ್ರಯಾಣಿಕರ ಕಣ್ಣೆದುರಿಗೆ, ಸಮಂದರ್ ಸಿಂಗ್ ಎಂಬ ಯುವಕ ಆಕೆಯನ್ನು ಇರಿದು ಕೊಂದ. ಅವನಿಗೆ ಜೀವಾವಧಿ ಶಿಕ್ಷೆಯಾಯಿತು. ಏಳು ವರ್ಷಗಳ ತರುವಾಯ, 2002ರಲ್ಲಿ, ಸತ್ತವರ ತಂಗಿ, ತಾವೂ ಅದೇ ಸಂಸ್ಥೆಯ ಸನ್ಯಾಸಿನಿಯಾದ ಸಿಸ್ಟರ್ ಸೆಲ್ಮಿ ಪಾಲ್, ಸೆರೆಮನೆಗೆ ಹೋಗಿ ಅವನ ಕೈಗೆ ರಾಖಿ ಕಟ್ಟಿದರು. ಅವನ ಬಿಡುಗಡೆಗೆ ಮನೆಯವರೂ ಸಂಸ್ಥೆಯವರೂ ಒಪ್ಪಿಗೆಯಿತ್ತರು. 2006ರಲ್ಲಿ ಅವನು ಹೊರಬಂದ. 2017ರ ನವೆಂಬರ್ 4ರಂದು ಇಂದೂರಿನಲ್ಲಿ ರಾಣಿ ಮರಿಯಾ ಅವರನ್ನು ಧನ್ಯರೆಂದು ಘೋಷಿಸಿದ ಪೂಜೆಯಲ್ಲಿ ಅವನೂ ಇದ್ದ.

ಈ ಕಥೆಯನ್ನು ಕೇಳಿದವರು ಸಾಮಾನ್ಯವಾಗಿ ರಾಖಿಯನ್ನು ಮೆಚ್ಚುತ್ತಾರೆ. ನಾನು ಯೋಚಿಸುವುದು ಅದರ ಹಿಂದಿನ ಏಳು ವರ್ಷಗಳನ್ನು. ಅಷ್ಟು ರಾತ್ರಿಗಳ ಪ್ರಾರ್ಥನೆಯಲ್ಲಿ ಕೊಲೆಗಾರನ ಹೆಸರನ್ನು ಉಚ್ಚರಿಸಲು ಆ ತಂಗಿಯ ನಾಲಗೆ ಎಷ್ಟು ಸಲ ತಡವರಿಸಿರಬಹುದು! ಆ ಲೆಕ್ಕವನ್ನು ಯಾರೂ ಇಟ್ಟಿಲ್ಲ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸದಿದ್ದರೆ ತಪ್ಪಾಗುತ್ತದೆ. ಕುಡಿದು ಬಂದು ಹೊಡೆಯುವ ಗಂಡನ ಮನೆಗೆ ಮಗಳನ್ನು ತಿರುಗಿ ಕಳಿಸುವಾಗ "ಪ್ರಾರ್ಥನೆ ಮಾಡು, ತಾಳಿಕೊ" ಎನ್ನುವ ಹಿರಿಯರು ನಮ್ಮ ಸಮಾಜದಲ್ಲಿ ಬಹಳ ಮಂದಿ ಇದ್ದಾರೆ. ಇದು ಯೇಸುವಿನ ಮಾತಿನ ದುರುಪಯೋಗ. ಹೊಡೆಯುವವನಿಗಾಗಿ ಬೇಡಿಕೊಳ್ಳಿರೆಂದು ಆತ ಹೇಳಿದ್ದುಂಟು. ಅವನ ಕೈಗೆ ಎಟಕುವಂತೆ ಕುಳಿತೇ ಬೇಡಿಕೊಳ್ಳಿರೆಂದು ಹೇಳಲಿಲ್ಲ. ತವರಿನಲ್ಲಿ ಕುಳಿತೂ ಬೇಡಬಹುದು, ಪೊಲೀಸ್ ಠಾಣೆಯ ಬೆಂಚಿನ ಮೇಲೆ ಕುಳಿತೂ ಬೇಡಬಹುದು. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಗಂಡನನ್ನೂ ಇಬ್ಬರು ಗಂಡುಮಕ್ಕಳನ್ನೂ ಬೆಂಕಿಯಲ್ಲಿ ಕಳೆದುಕೊಂಡ ಗ್ಲಾಡಿಸ್ ಸ್ಟೇನ್ಸ್, ಕೊಂದವರನ್ನು ಕ್ಷಮಿಸಿದ್ದೇನೆಂದು ಹೇಳಿದರು. ಅದರೊಂದಿಗೆ, ಕ್ಷಮೆ ಬೇರೆ, ಅಪರಾಧಕ್ಕೆ ಕಾನೂನಿನಲ್ಲಿರುವ ಫಲ ಬೇರೆ, ಇವೆರಡನ್ನೂ ಕಲಸಬಾರದು ಎಂಬ ಭಾವದ ಮಾತನ್ನೂ ಹೇಳಿದರು. ಆಮೇಲೆಯೂ ಕೆಲವು ವರ್ಷ ಬಾರಿಪದದಲ್ಲಿಯೇ ಉಳಿದು ಕುಷ್ಠರೋಗಿಗಳ ಸೇವೆಯನ್ನು ಮುಂದುವರಿಸಿದರು.

ನಮ್ಮ ಅವ್ವನಿಗೆ ಇವೆರಡರ ನಡುವೆ ಯಾವ ವಿರೋಧವೂ ಕಂಡಿರಲಿಲ್ಲ. ದಾವೆಯ ಖರ್ಚಿಗೆಂದು ತನ್ನ ಬೆಳ್ಳಿಯ ಡಾಬು ಬಿಚ್ಚಿ ಕೊಟ್ಟವಳು ಅವಳೇ. ತಾರೀಖಿನ ದಿನ ಅಪ್ಪನಿಗೆ ಬುತ್ತಿ ಕಟ್ಟುವಳು, ಕಾಗದಗಳನ್ನು ಸರಿಯಾಗಿ ಜೋಡಿಸಿ ಚೀಲದಲ್ಲಿಡುವಳು, "ವಕೀಲರು ಹೇಳಿದ್ದನ್ನ ಬಲಗಿವಿಯಿಂದ ಕೇಳಬ್ಯಾಡ್ರಿ" ಎಂದು ಎಚ್ಚರಿಸುವಳು. ಅದೇ ರಾತ್ರಿ ಎದುರು ಪಕ್ಷದವನ ಬಾವಿಗೆ ನೀರು ಬೇಡುವಳು. ದಾವೆ ಏಳು ವರ್ಷ ನಡೆಯಿತು.

ಆ ಪ್ರಾರ್ಥನೆಯ ಫಲವಾಗಿ ಅವರ ಬಾವಿ ಬತ್ತಲೇ ಇಲ್ಲವೆಂದು ಹೇಳುವಂತಿದ್ದರೆ ಕಥೆ ಸೊಗಸಾಗಿರುತ್ತಿತ್ತು. 1972ರ ಬರದಲ್ಲಿ ಅವರ ಬಾವಿಯೂ ಬತ್ತಿತು, ನಮ್ಮದೂ ಬತ್ತಿತು. ಎರಡು ಮನೆಯ ಹೆಂಗಸರೂ ಒಂದೇ ಕಡೆಯಿಂದ ನೀರು ಹೊತ್ತರು, ಮಾತನಾಡಲಿಲ್ಲ. ಮರು ಅಳತೆಯಾಗಿ ಹೊಲದ ಹೆಚ್ಚಿನ ಭಾಗ ನಮಗೆ ತಿರುಗಿ ಬಂತು. ಅಪ್ಪನ ಕಿವಿ ಬರಲಿಲ್ಲ. ಆ ಮನುಷ್ಯ ಒಂದು ದಿನವೂ ತಪ್ಪಾಯಿತೆಂದು ಹೇಳಲಿಲ್ಲ. ಬದಲಾದದ್ದು ಏನು ಎಂದು ಕೇಳಿದರೆ, ನಾನು ಕಂಡದ್ದು ಇಷ್ಟೇ: ಮೊದಮೊದಲು ಅಪ್ಪ ಆ ಹೆಸರು ಬಂದಾಗ ಎದ್ದು ಅಂಗಳಕ್ಕೆ ಹೋಗುತ್ತಿದ್ದ. ಎರಡು ವರ್ಷದ ಮೇಲೆ ಕುಳಿತೇ ಇರುತ್ತಿದ್ದ. ಇನ್ನೂ ಕೆಲವು ವರ್ಷವಾದ ಮೇಲೆ, ಒಂದು ರಾತ್ರಿ ಅವ್ವ ಜ್ವರದಿಂದ ಮಲಗಿದ್ದಾಗ, ಪ್ರಾರ್ಥನೆಯನ್ನು ಅಪ್ಪನೇ ಮಾಡಬೇಕಾಯಿತು. ಊರು, ಸಭೆ, ಬೇನೆಯವರು ಎಲ್ಲ ಆಯಿತು. ಆ ಹೆಸರಿನ ಬಳಿಗೆ ಬಂದು ಬಹಳ ಹೊತ್ತು ಸುಮ್ಮನಿದ್ದ. "ಅವಳು ಏನು ಬೇಡತಾಳೋ ಅದನ್ನ ಕೊಡು" ಎಂದ. ಹೆಸರು ಹೇಳಲಿಲ್ಲ.

ಆ ಮನುಷ್ಯ ತೀರಿಕೊಂಡ ಸುದ್ದಿ ಬಂದ ದಿನ ಅವ್ವ ಒಂದು ಬುಟ್ಟಿ ರೊಟ್ಟಿ ಬಡಿದು, ಪಲ್ಯ ಮಾಡಿ, ಹೊತ್ತುಕೊಂಡು ಆ ಮನೆಗೆ ಹೋದಳು. ಅವರು ಬುಟ್ಟಿಯನ್ನು ಇಳಿಸಿಕೊಂಡರು. ಬರಿ ಬುಟ್ಟಿಯನ್ನು ತಿರುಗಿ ಕೊಡಲು ಮೂರನೆಯ ದಿನ ಅವರ ಮಗ ನಮ್ಮ ಅಂಗಳದವರೆಗೆ ಬಂದು, ಒಳಗೆ ಬಾರದೆ, ಕಟ್ಟೆಯ ಮೇಲಿಟ್ಟು ಹೋದ. ನಮ್ಮ ಸಭೆಯಲ್ಲಿ ಸತ್ತವರಿಗಾಗಿ ಪ್ರಾರ್ಥಿಸುವ ರೂಢಿಯಿಲ್ಲ. ಆ ರಾತ್ರಿ ಬೇನೆಯವರ ಹೆಸರುಗಳು ಮುಗಿದ ಮೇಲೆ ಅವ್ವ ಎಂದಿನಂತೆ ತಡೆದಳು. ಆ ಹೆಸರು ನಾಲಗೆಯ ತುದಿಯವರೆಗೆ ಬಂದು ನಿಂತದ್ದು ನಮಗೆಲ್ಲ ತಿಳಿಯಿತು. ಸ್ವಲ್ಪ ಹೊತ್ತಿನ ಮೇಲೆ ಅವಳು ಅವನ ಮಗನ ಹೆಸರು ಹೇಳಿ, ಬಾವಿಯ ಮಾತಿಗೆ ಬಂದಳು.